ರಾಕೇಶ್ ಶರ್ಮಾ ‘ಕಾಸ್ಮೊನಾಟ್’ ಆದದ್ದು ಹೇಗೆ?

ರಾಕೇಶ್ ಶರ್ಮಾ ಅವರನ್ನು ಕೆಲವರು ‘ಕಾಸ್ಮೊನಾಟ್’ ಎಂದು ಬರೆಯುವುದೇಕೆ, ಅದು ಅಸ್ಟ್ರೊನಾಟ್‌ಗಿಂತ ಬೇರೆಯೇ ಎಂದು ಕೇಳಿದ್ದೀರಿ. ಕೆಲಸ ಒಂದೇ, ಕಳುಹಿಸಿದ ದೇಶ ಬೇರೆ: ಅಮೆರಿಕ ಕಳುಹಿಸಿದರೆ ಅಸ್ಟ್ರೊನಾಟ್, ರಷ್ಯಾ (ಆಗಿನ ಸೋವಿಯತ್ ಒಕ್ಕೂಟ) ಕಳುಹಿಸಿದರೆ ಕಾಸ್ಮೊನಾಟ್. 1984ರ ಏಪ್ರಿಲ್‌ನಲ್ಲಿ ಅವರು ಹೋದದ್ದು ಸೋವಿಯತ್ ಒಕ್ಕೂಟದ ಸೋಯುಜ್ ಟಿ-11 ನೌಕೆಯಲ್ಲಿ; ಹೆಸರೂ ಅಲ್ಲಿಂದಲೇ ಅಂಟಿಕೊಂಡಿತು. ರಷ್ಯನ್ನರ ಬಾಯಲ್ಲಿ ಅದು ಹೆಚ್ಚುಕಡಿಮೆ ‘ಕಸ್ಮನಾಫ್ತ್’. ಮೂಲ ಗ್ರೀಕ್: ‘ಕೋಸ್ಮೊಸ್’ ಎಂದರೆ ವಿಶ್ವ, ‘ನೌತೇಸ್’ ಎಂದರೆ ಹಡಗಿನವನು. ಸಂಸ್ಕೃತದಿಂದ ನಮಗೆ ಬಂದ ‘ನೌಕೆ’, ‘ನಾವಿಕ’ ಇದೇ ಬಳ್ಳಿಯ ಕುಡಿಗಳು ಎಂಬುದು ನನಗಂತೂ ಬಲು ಇಷ್ಟದ ಸಂಗತಿ. 1963ರಲ್ಲಿ ಬಾಹ್ಯಾಕಾಶಕ್ಕೆ ಹಾರಿದ ಮೊದಲ ಮಹಿಳೆ ವಲೆಂಟೀನಾ ತೆರೆಶ್ಕೋವಾ ಅವರಿಗೂ ರಷ್ಯನ್ ಭಾಷೆಯಲ್ಲಿ ಇದೇ ಪುಲ್ಲಿಂಗ ರೂಪ. ಕನ್ನಡದಲ್ಲಿ ಈ ತಕರಾರೇ ಇಲ್ಲ: ಸೋವಿಯತ್ ಒಕ್ಕೂಟದ ಗಗಾರಿನ್ ಆಗಲಿ, ಅಮೆರಿಕದ ಆರ್ಮ್‌ಸ್ಟ್ರಾಂಗ್ ಆಗಲಿ, ‘ಗಗನಯಾತ್ರಿ’ ಎಂದು ಧಾರಾಳವಾಗಿ ಬರೆಯಿರಿ.