ದುಬೈ ಕೆಲಸದ ವೀಸಾ ಇಟ್ಟುಕೊಂಡು ಒಮಾನ್‌ನಲ್ಲಿ ವಾಸಿಸಿದರೆ ವೀಸಾ ಉಳಿಯುತ್ತದೆಯೇ?

ಉಳಿಯುತ್ತದೆ, ಆದರೆ ಯುಎಇಯಿಂದ ಸತತ 180 ದಿನಕ್ಕಿಂತ ಹೆಚ್ಚು ಹೊರಗಿದ್ದರೆ ರೆಸಿಡೆನ್ಸಿ, ಅಂದರೆ ಅಲ್ಲಿ ವಾಸಿಸುವ ಪರವಾನಗಿ, ಬಿದ್ದುಹೋಗುತ್ತದೆ (ದೀರ್ಘಾವಧಿಯ ಗೋಲ್ಡನ್ ವೀಸಾದವರಿಗೆ ಈ ಮಿತಿಯಿಲ್ಲ). ಅಷ್ಟರೊಳಗೆ ಒಮ್ಮೆ ದುಬೈ-ಒಮಾನ್ ರಸ್ತೆಯ ಹತ್ತಾ ಗಡಿಯಿಂದ ಒಳಬಂದು ಎಂಟ್ರಿ ದಾಖಲಾದರೂ ಸಾಕು, ಲೆಕ್ಕ ಹೊಸದಾಗಿ ಶುರುವಾಗುತ್ತದೆ. ಕೊನೆಯ ವಾರಕ್ಕೆ ಮಾತ್ರ ದಯವಿಟ್ಟು ಬಿಡಬೇಡಿ. ಗಡುವು ಮೀರಿದರೆ ಕಾರಣ, ಪುರಾವೆ ಕೊಟ್ಟು ರೀ-ಎಂಟ್ರಿ ಪರ್ಮಿಟ್‌ಗೆ ಅರ್ಜಿ ಹಾಕಬೇಕು. ಮೀರಿದ ಪ್ರತಿ 30 ದಿನಕ್ಕೆ 100 ದಿರ್ಹಂ ದಂಡ, ಒಪ್ಪಿಗೆಯೂ ಖಾತ್ರಿಯಿಲ್ಲ.

ದಿನದ ಲೆಕ್ಕ ಸರಿಯಿದ್ದರೂ ಕೆಲಸದ ಕಡೆಯಿಂದ ವೀಸಾ ಕೈತಪ್ಪಬಹುದು. ಏಳು ದಿನಕ್ಕೂ ಮಿಕ್ಕಿ ಹೇಳದೆ ಗೈರಾದರೆ ಮಾಲೀಕರು ದೂರು ದಾಖಲಿಸಬಹುದು. ಆದ್ದರಿಂದ ಹೊರಗಿನಿಂದ ಕೆಲಸ ಮಾಡಲು ಕಂಪನಿಯ ಲಿಖಿತ ಒಪ್ಪಿಗೆ ಮೊದಲೇ ಪಡೆಯಿರಿ. ಒಮಾನ್‌ನಲ್ಲಿ ನೆಲೆಸಲು ಅಲ್ಲಿನ ರೆಸಿಡೆನ್ಸಿಯೂ ಬೇಕು, ಟೂರಿಸ್ಟ್ ವೀಸಾ ಸಾಲದು.