ಸ್ವರ ಸಂವಾದ: ಬೂಗಿ ದೊಡ್ಡದೋ, ಪಂಕ್ ದೊಡ್ಡದೋ?

ಎಪ್ಪತ್ತರ ದಶಕದ ಬ್ರಿಟಿಷ್ ರಾಕ್ ಸಂಗೀತದ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದ ಟಿಪ್ಪಣಿಯಲ್ಲಿ, ಪಂಕ್ ಹುಟ್ಟಿದ್ದು ಬೂಗಿಯ ಮನೆಯಲ್ಲೇ ಎಂಬ ಒಂದು ಸಾಲು ಇತ್ತು. (ಬೂಗಿ ಎಂದರೆ ಒಂದೇ ಸ್ವರಸಾಲನ್ನು ತೂಗುತ್ತ ಮರಳಿ ಮರಳಿ ನುಡಿಸುವ ಶೈಲಿ; ಪಂಕ್ ಎಂದರೆ ಚಿಕ್ಕ, ವೇಗದ, ಒರಟು ಹಾಡುಗಳ ರಾಕ್.) ಆ ಒಂದು ಸಾಲಿಗೆ ಕಾರವಾರದಿಂದ ಶಿರಸಿಯವರೆಗಿನ ಓದುಗರು ಬರೆದ ಪತ್ರಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ಸಂಜೆ ಟಾಗೋರ್ ಕಡಲತೀರದಲ್ಲಿ ಕೂಡುವ ನಮ್ಮ ಗೆಳೆಯರ ಗುಂಪಿನಲ್ಲಿ ಈ ವಿಷಯಕ್ಕೆ ಎರಡು ಪಕ್ಷಗಳಾಗಿವೆ. ಗೋವೆಯಲ್ಲಿ ನೌಕರಿಯಲ್ಲಿದ್ದಾಗ ಸ್ಟೇಟಸ್ ಕ್ವೋ, ಝೀ ಝೀ ಟಾಪ್ ಎಂಬ ಬೂಗಿ ತಂಡಗಳ ಕ್ಯಾಸೆಟ್ಟುಗಳನ್ನು ಕೇಳಿದ ಹಿರಿಯರೊಬ್ಬರು, ಪಂಕ್ ಎಂದರೆ ನುಡಿಸಲು ಬಾರದವರ ಗದ್ದಲ ಎನ್ನುತ್ತಾರೆ. ಸವೆದು ಹೋಗಿದ್ದ ಬೂಗಿಯನ್ನು ಪಂಕ್ ಗುಡಿಸಿ ಹಾಕಿತು ಎಂಬುದು ನನ್ನ ವಾದ. ತಾವು ಯಾರ ಕಡೆ?
— ಓದುಗರು, ಕೋಡಿಬಾಗ, ಕಾರವಾರ

ಉತ್ತರ: ನುಡಿಸುವ ಕೌಶಲದ ಮಾತಿಗೆ ಬಂದರೆ ನಾನು ನಿಮ್ಮ ಕಡೆ, ಇತಿಹಾಸದ ಮಾತಿಗೆ ಬಂದರೆ ಹಿರಿಯರ ಕಡೆಗೆ ಸ್ವಲ್ಪ ಸರಿಯಬೇಕಾಗುತ್ತದೆ.

ಬೂಗಿ ಮೊದಲಿಗೆ ಗಿಟಾರಿನದಲ್ಲ, ಪಿಯಾನೊದ್ದು. ಅಮೆರಿಕದ ದಕ್ಷಿಣ ಭಾಗದಲ್ಲಿ, ಮರ ಕಡಿಯುವವರ ಬಿಡಾರಗಳಲ್ಲಿಯೂ ಅಗ್ಗದ ಮದ್ಯದಂಗಡಿಗಳಲ್ಲಿಯೂ ಕರಿಯ ಜನಾಂಗದ ವಾದಕರು ಎಡಗೈಯಿಂದ ಉರುಳುವ ಒಂದೇ ಸಾಲನ್ನು ಬಿಡದೆ ನುಡಿಸುತ್ತ, ಬಲಗೈಗೆ ಮನಸ್ಸು ಬಂದಂತೆ ಆಡಲು ಬಿಡುತ್ತಿದ್ದ ಕ್ರಮವದು. ಪೈನ್‌ಟಾಪ್ ಸ್ಮಿತ್ 1928ರಲ್ಲಿ ಮುದ್ರಿಸಿದ ಗ್ರಾಮಫೋನ್ ತಟ್ಟೆಯಿಂದ ‘ಬೂಗಿ ವೂಗಿ’ ಎಂಬ ಹೆಸರು ಎಲ್ಲೆಡೆ ಹರಡಿತು. 1938ರಲ್ಲಿ ಆಲ್ಬರ್ಟ್ ಅಮನ್ಸ್, ಮೀಡ್ ಲಕ್ಸ್ ಲೂಯಿಸ್, ಪೀಟ್ ಜಾನ್ಸನ್ ಇವರು ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ನುಡಿಸಿದ ಮೇಲೆ ಅದು ದೊಡ್ಡ ಸಭಾಂಗಣಗಳಿಗೂ ಸಲ್ಲುವ ಸಂಗೀತವೆನಿಸಿತು. ಅದು ಗಿಟಾರಿಗೆ ಹೇಗೆ ಇಳಿಯಿತು ಎಂಬುದನ್ನು ತಿಳಿಯಬೇಕಾದರೆ ಜಾನ್ ಲೀ ಹೂಕರ್ 1948ರಲ್ಲಿ ಡೆಟ್ರಾಯಿಟ್‌ನಲ್ಲಿ ಮುದ್ರಿಸಿದ ‘ಬೂಗಿ ಚಿಲ್ಲನ್’ ಕೇಳಬೇಕು. ಒಂದು ಕಂಠ, ಒಂದು ಗಿಟಾರು, ನೆಲಕ್ಕೆ ಬಡಿಯುವ ಒಂದು ಕಾಲು. ಅದರಲ್ಲಿ ಇರುವುದು ಇಷ್ಟೇ, ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಸಹ ಹೆಚ್ಚುಕಡಿಮೆ ಒಂದೇ. ‘ನುಡಿಸಲು ಬಾರದವರು’ ಎಂಬ ಆರೋಪವನ್ನು ಮುಂದಿಡುವ ಮೊದಲು ನಿಮ್ಮ ಹಿರಿಯರು ಈ ಮುದ್ರಣವನ್ನು ಇನ್ನೊಮ್ಮೆ ಆಲಿಸಲಿ. ಕಾರ್ಡುಗಳ ಎಣಿಕೆಯಿಂದ ಪಂಕ್ ಸೋಲುವುದಾದರೆ ಹೂಕರ್ ಅದಕ್ಕೂ ಮೊದಲೇ ಸೋತಿರಬೇಕಾಗಿತ್ತು.

ಐವತ್ತರ ದಶಕದಲ್ಲಿ ಚಕ್ ಬೆರ್ರಿ ಪಿಯಾನೊದ ಎಡಗೈ ಸಾಲನ್ನು ಗಿಟಾರಿನ ದಪ್ಪ ತಂತಿಗಳಿಗೆ ತಂದರು. ಸ್ಟೇಟಸ್ ಕ್ವೋ, ಝೀ ಝೀ ಟಾಪ್, ಆಸ್ಟ್ರೇಲಿಯಾದ ಎಸಿ/ಡಿಸಿ ಎಲ್ಲವೂ ಒಂದಲ್ಲ ಒಂದು ಬಗೆಯಲ್ಲಿ ಆ ಸಾಲಿನ ವಾರಸುದಾರರು. 1968ರಲ್ಲಿ ಬಣ್ಣಬಣ್ಣದ ಸೈಕೆಡೆಲಿಕ್ ಗೀತೆಯೊಂದರಿಂದ ಹೆಸರಾದ ಸ್ಟೇಟಸ್ ಕ್ವೋ, 1972ರ ‘ಪೈಲ್‌ಡ್ರೈವರ್’ ಆಲ್ಬಮ್ ಹೊತ್ತಿಗೆ ಆ ವೇಷವನ್ನು ಕಳಚಿ ಜೀನ್ಸ್ ತೊಟ್ಟು, ನೇರ ಬೂಗಿಗೆ ಬಂದು ನಿಂತಿತ್ತು. 1975ರ ಜನವರಿಯಲ್ಲಿ ಅವರ ‘ಡೌನ್ ಡೌನ್’ ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು.

ಇನ್ನು ಪಂಕ್ ಎಲ್ಲಿಂದ ಬಂತು ಎಂಬುದು. ಲಂಡನ್ನಿನ ಪಂಕ್‌ಗೆ ನೆಲ ಹದ ಮಾಡಿದ್ದು ಅಲ್ಲಿನ ಪಬ್ ರಾಕ್, ಅಂದರೆ ಮದ್ಯದಂಗಡಿಗಳ ಪುಟ್ಟ ವೇದಿಕೆಗಳ ಸರಳ ರಾಕ್. ಥೇಮ್ಸ್ ನದೀಮುಖದ ಕ್ಯಾನ್ವೆ ದ್ವೀಪದ ಡಾಕ್ಟರ್ ಫೀಲ್‌ಗುಡ್ ತಂಡದ ಗಿಟಾರ್ ವಾದಕ ವಿಲ್ಕೋ ಜಾನ್ಸನ್, ಪ್ಲೆಕ್ಟ್ರಮ್ (ತಂತಿ ಮೀಟುವ ಚಿಪ್ಪು) ಹಿಡಿಯದೆ ಬರಿಗೈಯಿಂದ ತಂತಿಗಳನ್ನು ಚಚ್ಚುತ್ತ, ವೇದಿಕೆಯ ಮೇಲೆ ಹಿಂದಕ್ಕೂ ಮುಂದಕ್ಕೂ ಧಾವಿಸುತ್ತ ನುಡಿಸಿದ್ದು ರಿದಮ್ ಆ್ಯಂಡ್ ಬ್ಲೂಸ್ ಮತ್ತು ಬೂಗಿಯನ್ನೇ. ಆದರೆ ಆ ಒರಟುತನ, ಆ ಚಿಕ್ಕ ಕೂದಲು, ಆ ಬಿಗಿ ಕೋಟು ಮುಂದಿನ ತಲೆಮಾರಿಗೆ ದಾರಿ ತೋರಿಸಿತು. ಅವರ ‘ಸ್ಟುಪಿಡಿಟಿ’ ಎಂಬ ಕಛೇರಿ ಮುದ್ರಣ 1976ರಲ್ಲಿ ಬ್ರಿಟನ್ನಿನ ಆಲ್ಬಮ್ ಪಟ್ಟಿಯ ತುದಿಗೇರಿತು. ಕ್ಲ್ಯಾಷ್ ಎಂಬ ಪಂಕ್ ತಂಡದ ಜೋ ಸ್ಟ್ರಮರ್ ಸಹ ಅದಕ್ಕೂ ಮೊದಲು ‘101ಅರ್ಸ್’ ಎಂಬ ಪಬ್ ರಾಕ್ ತಂಡದಲ್ಲಿದ್ದವರು. 1976ರ ಏಪ್ರಿಲ್‌ನಲ್ಲಿ ಆ ತಂಡದ ಕಾರ್ಯಕ್ರಮಕ್ಕೆ ಮೊದಲು ನುಡಿಸಿದವರು ಲಂಡನ್ನಿನ ಪಂಕ್ ತಂಡ ಸೆಕ್ಸ್ ಪಿಸ್ಟಲ್ಸ್; ಅವರನ್ನು ಕಂಡ ಕೆಲವೇ ವಾರಗಳಲ್ಲಿ ಸ್ಟ್ರಮರ್ ಹಳೆಯ ತಂಡವನ್ನು ಬಿಟ್ಟರು. ನ್ಯೂಯಾರ್ಕಿನ ಪಂಕ್‌ನ ತವರಾದ ಸಿಬಿಜಿಬಿ ಕ್ಲಬ್ಬಿನ ಹೆಸರಿನಲ್ಲಿರುವ ಅಕ್ಷರಗಳು ಸಹ ಕಂಟ್ರಿ, ಬ್ಲೂಗ್ರಾಸ್, ಬ್ಲೂಸ್ ಎಂಬ ಹಳೆಯ ಅಮೆರಿಕನ್ ಶೈಲಿಗಳನ್ನೇ ಸೂಚಿಸುತ್ತವೆ.

ಹಾಗಾದರೆ ವ್ಯತ್ಯಾಸ ಎಲ್ಲಿದೆ? ನನ್ನ ದೃಷ್ಟಿಯಲ್ಲಿ ಅದು ಕಾರ್ಡುಗಳಲ್ಲಿಯೂ ಇಲ್ಲ, ಸದ್ದಿನಲ್ಲಿಯೂ ಇಲ್ಲ, ಲಯದ ನಡೆಯಲ್ಲಿದೆ. ಬೂಗಿಯ ಮೂಲ ನಡೆ ತಿಶ್ರ: ಒಂದು ಮಾತ್ರೆಯನ್ನು ‘ತಕಿಟ’ ಎಂದು ಮೂರಾಗಿ ಒಡೆದು, ನಡುವಿನ ‘ಕಿ’ಯನ್ನು ನುಂಗಿ, ಮೊದಲನೆಯದನ್ನೂ ಮೂರನೆಯದನ್ನೂ ಮಾತ್ರ ನುಡಿಸಿದಾಗ ಆ ತೂಗಾಟ ಹುಟ್ಟುತ್ತದೆ. ಝೀ ಝೀ ಟಾಪ್‌ನ 1973ರ ‘ಲಾ ಗ್ರೇಂಜ್’ ಕೇಳುತ್ತ ತೊಡೆಯ ಮೇಲೆ ತಾಳ ಹಾಕಿದರೆ ಇದು ತಾನಾಗಿಯೇ ಕೈಗೆ ಸಿಗುತ್ತದೆ. ನ್ಯೂಯಾರ್ಕಿನ ಪಂಕ್ ತಂಡವಾದ ರಾಮೋನ್ಸ್‌ನವರು ಈ ತೂಗಾಟವನ್ನು ಪೂರ್ತಿ ತೆಗೆದುಹಾಕಿದರು. ಅವರಲ್ಲಿ ಮಾತ್ರೆ ಎರಡು ಸಮಭಾಗವಾಗುತ್ತದೆ, ಎರಡಕ್ಕೂ ಒಂದೇ ತೂಕ, ಎರಡೂ ಕೆಳಮುಖದ ಹೊಡೆತ. 1976ರ ‘ಬ್ಲಿಟ್ಸ್‌ಕ್ರೀಗ್ ಬಾಪ್’ ನಿಂತಿರುವುದು ಚಕ್ ಬೆರ್ರಿ ಬಳಸಿದ ಅದೇ ಮೂರು ಕಾರ್ಡುಗಳ ಸಂಬಂಧದ ಮೇಲೆ; ಆದರೆ ಅದನ್ನು ಕೇಳಿದವರ ಮೈ ತೂಗುವುದಿಲ್ಲ, ನೆಗೆಯುತ್ತದೆ. ಬೆರ್ರಿಯ ಕಾಲದಲ್ಲಿಯೇ ಈ ಬದಲಾವಣೆಗೆ ಪೀಠಿಕೆ ಬಿದ್ದಿತ್ತೆಂಬುದು ನಿಜ. ಅವರ ಹಲವು ಮುದ್ರಣಗಳಲ್ಲಿ ಹಿಮ್ಮೇಳ ತೂಗುತ್ತಿರುತ್ತದೆ, ಗಿಟಾರು ಮಾತ್ರ ನೇರವಾಗಿ ಓಡುತ್ತಿರುತ್ತದೆ. ಆ ಎಳೆದಾಟವೇ ಅವುಗಳ ರುಚಿ. ಪಂಕ್ ಆ ಎಳೆದಾಟವನ್ನು ಒಂದು ಕಡೆಗೆ ತೀರ್ಮಾನಿಸಿಬಿಟ್ಟಿತು.

ಪಂಕ್ ಬೂಗಿಯನ್ನು ಗುಡಿಸಿ ಹಾಕಿತು ಎಂಬ ನಿಮ್ಮ ಮಾತಿಗೆ ಮಾತ್ರ ಪುರಾವೆ ಸಾಲದು. ಸೆಕ್ಸ್ ಪಿಸ್ಟಲ್ಸ್ ರಾಣಿಯನ್ನು ಹಂಗಿಸಿ ಗದ್ದಲ ಎಬ್ಬಿಸಿದ 1977ರಲ್ಲಿಯೇ ಸ್ಟೇಟಸ್ ಕ್ವೋ ‘ರಾಕಿನ್ ಆಲ್ ಓವರ್ ದ ವರ್ಲ್ಡ್’ ಗೀತೆಯನ್ನು ಬ್ರಿಟನ್ನಿನ ಪಟ್ಟಿಯ ಮೂರನೆಯ ಸ್ಥಾನಕ್ಕೆ ಒಯ್ದಿತು, 1985ರ ಜುಲೈ 13ರಂದು ವೆಂಬ್ಲಿಯಲ್ಲಿ ಬರಗಾಲ ಪೀಡಿತರ ನೆರವಿನ ‘ಲೈವ್ ಏಡ್’ ಕಛೇರಿಯನ್ನು ಆರಂಭಿಸಿದ್ದೂ ಅದೇ ಗೀತೆಯಿಂದ.

ಪ್ರಶ್ನೆ: ಇಡೀ ರಾತ್ರಿಯ ಯಕ್ಷಗಾನ ಕಾಲಮಿತಿ ಪ್ರಯೋಗವಾದಾಗ ನಮ್ಮಲ್ಲಿ ಎದ್ದ ವಾದಗಳನ್ನು ಈ ಚರ್ಚೆ ನೆನಪಿಸುತ್ತದೆ. ಪಂಕ್ ಅನ್ನು ರಾಕ್‌ನ ಕಾಲಮಿತಿ ಪ್ರಯೋಗವೆಂದು ತಿಳಿಯಬಹುದೇ?
— ಓದುಗರು, ಶಿರಸಿ

ಉತ್ತರ: ಹೋಲಿಕೆ ಚೆನ್ನಾಗಿದೆ, ಅರ್ಧ ದಾರಿಯವರೆಗೆ ನಡೆಯುತ್ತದೆ. 1972ರಲ್ಲಿ ‘ಯೆಸ್’ ಎಂಬ ಬ್ರಿಟಿಷ್ ರಾಕ್ ತಂಡದ ಒಂದೇ ಕೃತಿ ಎಲ್‌ಪಿ ತಟ್ಟೆಯ ಒಂದು ಬದಿಯನ್ನು ತುಂಬಿಕೊಂಡು ಸುಮಾರು 18 ನಿಮಿಷ ಸಾಗುತ್ತಿತ್ತು. ರಾಮೋನ್ಸ್‌ನ 1976ರ ಮೊದಲ ಆಲ್ಬಮ್‌ನ 14 ಹಾಡುಗಳೂ ಸೇರಿ ಹೆಚ್ಚುಕಡಿಮೆ 29 ನಿಮಿಷ. ಖರ್ಚು ಸಹ ಸುಮಾರು 6,400 ಡಾಲರ್, ಅಂದಿನ ದೊಡ್ಡ ತಂಡಗಳ ಲೆಕ್ಕದಲ್ಲಿ ಅದು ಪುಡಿಗಾಸು. ಬೂಗಿಯವರೂ ಈ ದೀರ್ಘತೆಯ ರೋಗದಿಂದ ಪಾರಾಗಿರಲಿಲ್ಲ. ಕ್ಯಾನ್ಡ್ ಹೀಟ್ ತಂಡದ 1968ರ ‘ರಿಫ್ರೈಡ್ ಬೂಗಿ’ 40 ನಿಮಿಷ ದಾಟಿ ತಟ್ಟೆಯ ಎರಡು ಬದಿಗಳನ್ನು ನುಂಗಿತು. ಅಭಿಮಾನವಿದ್ದರೂ ಅದನ್ನು ಒಂದೇ ಕೂರಿಗೆ ಕೇಳಿ ಮುಗಿಸುವುದು ಕಷ್ಟವೆಂದೇ ಹೇಳಬೇಕು.

ಹೋಲಿಕೆ ನಿಲ್ಲುವುದು ಎಲ್ಲಿ ಎಂದರೆ, ಕಾಲಮಿತಿಯಲ್ಲಿ ಪ್ರಸಂಗ ಅದೇ ಇರುತ್ತದೆ, ಭಾಗವತರ ಪದಗಳನ್ನು ಆಯ್ದು, ಕುಣಿತ ಮತ್ತು ಅರ್ಥಗಾರಿಕೆಯನ್ನು ಹಿಡಿತದಲ್ಲಿಟ್ಟು ಹೊತ್ತನ್ನು ಹೊಂದಿಸುತ್ತಾರೆ. ಪಂಕ್‌ನವರು ಯೆಸ್ ತಂಡದ 18 ನಿಮಿಷಗಳನ್ನು ಕತ್ತರಿಸಿ ಎರಡಕ್ಕೆ ಇಳಿಸಲಿಲ್ಲ. ಐವತ್ತರ ದಶಕದ ಎರಡೂವರೆ ನಿಮಿಷದ ಹಾಡಿಗೆ ಮರಳಿ ಹೋದರು. ಆ ಅರ್ಥದಲ್ಲಿ ಪಂಕ್ ತಾನು ಹೇಳಿಕೊಂಡಷ್ಟು ಕ್ರಾಂತಿಕಾರಿಯಲ್ಲ, ಸಾಕಷ್ಟು ಸಂಪ್ರದಾಯವಾದಿ. ಕೂದಲಿಗೆ ಬಣ್ಣ ಹಚ್ಚಿಕೊಂಡ ಸಂಪ್ರದಾಯವಾದಿ ಎನ್ನಬಹುದು.

ಪ್ರಶ್ನೆ: ಎಲ್ಲರೂ ಅದೇ ಸಾಲನ್ನು ನುಡಿಸುತ್ತಿದ್ದರೆ ಅದು ಕಳವಲ್ಲವೇ?
— ಓದುಗರು, ಮಾಜಾಳಿ

ಉತ್ತರ: ಈ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದೆ. ಹೂಕರ್ ಅವರ ಬೂಗಿಯ ಹಕ್ಕುದಾರರು ‘ಲಾ ಗ್ರೇಂಜ್’ ಸಂಬಂಧವಾಗಿ ಝೀ ಝೀ ಟಾಪ್ ಮೇಲೆ ಅಮೆರಿಕದಲ್ಲಿ ದಾವೆ ಹೂಡಿದ್ದರು. 1995ರಲ್ಲಿ ಮೇಲ್ಮನವಿ ನ್ಯಾಯಾಲಯವು, ತಟ್ಟೆಗಳನ್ನು ಮಾರಿದ್ದೇ ಪ್ರಕಟಣೆಯಾಗುತ್ತದೆ ಎಂದು ಪರಿಗಣಿಸಿತು. ಆ ಲೆಕ್ಕದಲ್ಲಿ ಹಕ್ಕುಸ್ವಾಮ್ಯದ ಅವಧಿ ಎಂದೋ ಓಡತೊಡಗಿತ್ತು, ಅದನ್ನು ಕಾಪಾಡಿಕೊಳ್ಳದೆ ಹೋದದ್ದರಿಂದ ದಾವೆ ನಿಲ್ಲಲಿಲ್ಲ. ಹಳೆಯ ಗೀತೆಗಳ ಹಕ್ಕುದಾರರು ಗಾಬರಿಗೊಂಡ ಮೇಲೆ 1997ರಲ್ಲಿ ಅಲ್ಲಿನ ಸಂಸತ್ತು ಕಾಯಿದೆಗೆ ತಿದ್ದುಪಡಿ ತಂದಿತು. ಸಾಲು ಯಾರದೆಂಬ ಜಗಳ ಮಾತ್ರ ಅಭಿಮಾನಿಗಳಲ್ಲಿ ಇನ್ನೂ ಬಾಕಿ ಇದೆ. ಎಡಗೈ ಸಾಲು ಹೂಕರ್‌ಗಿಂತಲೂ ಹಳೆಯದಾದ್ದರಿಂದ ನಾನಂತೂ ಕಳವೆನ್ನಲಾರೆ.

ಪ್ರಶ್ನೆ: ಮಗ ಒಂದು ವರ್ಷದಿಂದ ಗಿಟಾರು ಕಲಿಯುತ್ತಿದ್ದಾನೆ. ಪಂಕ್ ನುಡಿಸಿದರೆ ಕೈ ಕೆಡುತ್ತದೆ ಎಂದು ಕಲಿಸುವವರು ಹೇಳುತ್ತಾರೆ. ಮೂರೇ ಕಾರ್ಡು ಕಲಿತರೆ ಸಾಕೆಂದು ಮಗ ವಾದಿಸುತ್ತಾನೆ. ಮೊದಲು ಯಾವುದನ್ನು ಕಲಿಯಬೇಕು?
— ಓದುಗರು, ಕುಮಟಾ

ಉತ್ತರ: ಮಗನ ವಾದಕ್ಕೆ ಹಿರಿಯರ ಆಧಾರವಿದೆ. ಎ, ಇ, ಜಿ ಎಂಬ ಮೂರು ಕಾರ್ಡುಗಳ ಚಿತ್ರ ಬಿಡಿಸಿ, ಇನ್ನು ತಂಡ ಕಟ್ಟಿರಿ ಎಂದು ಓದುಗರಿಗೆ ಹೇಳಿದ ‘ಸೈಡ್‌ಬರ್ನ್ಸ್’ ಎಂಬ ಬ್ರಿಟಿಷ್ ಅಭಿಮಾನಿ ಪತ್ರಿಕೆಯ ಆ ಪುಟ ಪಂಕ್ ಯುಗದ ಪ್ರಸಿದ್ಧ ಚಿತ್ರಗಳಲ್ಲಿ ಒಂದಾಗಿದೆ. ಬೂಗಿಯವರಿಗೂ ಈ ಹಾಸ್ಯ ಗೊತ್ತು. ಸ್ಟೇಟಸ್ ಕ್ವೋ 2007ರಲ್ಲಿ ಹೊರತಂದ ಆಲ್ಬಮ್‌ಗೆ, ನಾಲ್ಕನೆಯ ಕಾರ್ಡಿನ ಹುಡುಕಾಟದಲ್ಲಿದ್ದೇವೆ ಎಂಬರ್ಥದ ಹೆಸರನ್ನೇ ಇಟ್ಟಿತು.

ಆದರೂ ಮೊದಲು ಬೂಗಿಯನ್ನೇ ಕಲಿಯಲಿ ಎಂಬುದು ನನ್ನ ಸಲಹೆ, ಏಕೆಂದರೆ ಬೂಗಿ ಬಂದವನಿಗೆ ಪಂಕ್ ಅದರೊಳಗೇ ಸಿಗುತ್ತದೆ. ಐದನೆಯ ತಂತಿಯನ್ನು, ಅಂದರೆ ಎ ತಂತಿಯನ್ನು, ಒತ್ತದೆ ಬಿಟ್ಟು, ನಾಲ್ಕನೆಯ ತಂತಿಯನ್ನು ತೋರುಬೆರಳಿನಿಂದ ಎರಡನೆಯ ಫ್ರೆಟ್ಟಿನಲ್ಲಿ (ಫ್ರೆಟ್ ಎಂದರೆ ಗಿಟಾರಿನ ಕತ್ತಿನ ಮೇಲಿನ ಅಡ್ಡಪಟ್ಟಿ) ಒತ್ತಿ, ಎರಡನ್ನೂ ಸೇರಿಸಿ ಎರಡು ಸಲ ಹೊಡೆಯಲಿ. ತೋರುಬೆರಳನ್ನು ಎತ್ತದೆ, ಉಂಗುರಬೆರಳನ್ನು ಅದೇ ತಂತಿಯ ನಾಲ್ಕನೆಯ ಫ್ರೆಟ್ಟಿಗೆ ತಂದು ಮತ್ತೆ ಎರಡು ಸಲ. ಇದನ್ನು ‘ತಕಿಟ’ದ ನಡುವಣ ಅಕ್ಷರ ಬಿಟ್ಟು ತೂಗಾಡಿಸುತ್ತ ನುಡಿಸಿದರೆ ಅದೇ ಬೂಗಿ. ಉಂಗುರಬೆರಳನ್ನು ಬಿಟ್ಟು, ತೂಗಾಟವನ್ನೂ ಬಿಟ್ಟು, ಪ್ಲೆಕ್ಟ್ರಮ್ಮನ್ನು ಕೆಳಮುಖವಾಗಿ ಮಾತ್ರ ಸಮವಾಗಿ ಎಳೆದರೆ ರಾಮೋನ್ಸ್.

ಪಂಕ್‌ನಿಂದ ಕೈ ಕೆಡುವುದೆಂಬ ಮಾತಿನಲ್ಲಿ ಹುರುಳಿಲ್ಲ. ಜಾನಿ ರಾಮೋನ್ ಇಡೀ ಕಛೇರಿಯನ್ನು ಕೆಳಹೊಡೆತದಲ್ಲಿಯೇ ಮುಗಿಸುತ್ತಿದ್ದರು. ನಿಮಿಷಕ್ಕೆ 170ಕ್ಕೂ ಹೆಚ್ಚು ಮಾತ್ರೆಗಳ ಓಟದಲ್ಲಿ ಲಯ ಜಾರದಂತೆ ಅದನ್ನು ನಡೆಸಲು ಬೇಕಾದ ಮಣಿಕಟ್ಟಿನ ಬಲ, ಸಾಧನೆಯಿಂದಲ್ಲದೆ ಬರುವುದಿಲ್ಲ. ಹುಡುಗ 100ರ ವೇಗದಿಂದ ಆರಂಭಿಸಿ, ತೋಳಿನಿಂದಲ್ಲ, ಮಣಿಕಟ್ಟಿನಿಂದ ಹೊಡೆಯುವುದನ್ನು ರೂಢಿಸಿಕೊಳ್ಳಲಿ. ಮುಂಗೈ ಬಿಗಿಯತೊಡಗಿದರೆ ಆ ದಿನಕ್ಕೆ ಗಿಟಾರನ್ನು ಕೆಳಗಿಡಲಿ.