ಪಕ್ಕದ ಮನೆಯವರು ಚರ್ಚಿಗೆ ಕರೆದಿದ್ದಾರೆ, ಹೋಗಲಾ ಅಕ್ಕ?

ಓದುಗರ ಪ್ರಶ್ನೆ, ಅಕ್ಕನ ಉತ್ತರ

ಈ ಸಲ ಅಮೆರಿಕದ ಸೇವಾ ಕೆಲಸ, ಚಂದಾ ಎತ್ತುವುದು, ಇದರ ಬಗ್ಗೆಯೇ ಪತ್ರಗಳು ಜಾಸ್ತಿ ಬಂದಿವೆ. ಮೊದಲ ಪತ್ರಕ್ಕೆ ಉದ್ದ ಉತ್ತರ ಬರೆದಿದ್ದೇನೆ. ಆ ತಂಗಿಯ ಮನಸ್ಸಿನಲ್ಲಿ ಇರುವ ಅಳುಕು ಇಲ್ಲಿಗೆ ಬರುವ ನಮ್ಮ ಎಷ್ಟೋ ಹೆಣ್ಣುಮಕ್ಕಳಿಗೆ ಇರುವಂಥದ್ದು.

ಪ್ರಶ್ನೆ: ಅಕ್ಕ, ನಮಸ್ಕಾರ. ನಾವು ಧಾರವಾಡದವರು. ಯಜಮಾನರ ಕೆಲಸದ ಮೇಲೆ ಮಿನ್ನೆಸೋಟಾಕ್ಕೆ ಬಂದು ಇನ್ನೂ ವರ್ಷ ತುಂಬಿಲ್ಲ. ಪಕ್ಕದ ಮನೆಯಲ್ಲಿ ಒಬ್ಬರು ವಯಸ್ಸಾದ ಹೆಂಗಸು ಇದ್ದಾರೆ, ತುಂಬಾ ಒಳ್ಳೆಯವರು. ಅವರ ಲೂಥರನ್ ಚರ್ಚಿನಲ್ಲಿ ಬಡದೇಶಗಳಿಗೆ ಕಳಿಸಲು ಹೊದಿಕೆ ಹೊಲಿಯುತ್ತಾರಂತೆ. ಅದಕ್ಕೆ ಥ್ರೈವೆಂಟ್ ಅನ್ನುವ ಸಂಸ್ಥೆ 250 ಡಾಲರ್ ಕೊಡುತ್ತದಂತೆ. 'ನಿನಗೆ ಹೊಲಿಗೆ ಬರುತ್ತಲ್ಲ, ಬಾ' ಅಂತ ಕರೆದಿದ್ದಾರೆ. ಯಜಮಾನರು 'ಅದು ಇನ್ಶೂರೆನ್ಸ್ ಕಂಪನಿ, ಪಾಲಿಸಿ ಮಾರೋಕೆ ಕರೀತಿದ್ದಾರೆ' ಅಂತಾರೆ. ಅತ್ತೆ ಊರಿಂದ ಫೋನ್ ಮಾಡಿ 'ಮತ ಬದಲಾಯಿಸ್ತಾರೆ, ಹುಷಾರು' ಅಂತಾರೆ. ಅದೂ ಅಲ್ಲದೆ ನಾನು ಯಜಮಾನರ ವೀಸಾದ ಮೇಲೆ ಹೆಂಡತಿಗೆ ಸಿಗುವ ಎಚ್-4 ವೀಸಾದಲ್ಲಿದ್ದೇನೆ, ಅದರ ಮೇಲೆ ಸುಮ್ಮನೆ ಕೆಲಸಕ್ಕೆ ಸೇರುವಂತಿಲ್ಲ. ಏನು ಮಾಡಲಿ?

ಉತ್ತರ: ಹೋಗು ತಂಗಿ. ಉಳಿದದ್ದನ್ನು ಆಮೇಲೆ ಹೇಳುತ್ತೇನೆ, ಮೊದಲು ಹೋಗು.

ನಿನ್ನ ಯಜಮಾನರು ಹೇಳಿದ್ದು ಅರ್ಧ ನಿಜ. ಥ್ರೈವೆಂಟ್ ಜೀವವಿಮೆ ಮಾರುತ್ತದೆ. ಮುಖ್ಯ ಕಚೇರಿ ಮಿನಿಯಾಪೊಲಿಸ್‌ನಲ್ಲೇ ಇದೆ. ಆದರೆ ಅದು ಷೇರುದಾರರಿಗೆ ಲಾಭ ಹಂಚುವ ಕಂಪನಿಯಲ್ಲ, ಸದಸ್ಯರದೇ ಸಂಘ. ಶುರುವಾಗಿದ್ದು 1902ರಲ್ಲಿ, ವಿಸ್ಕಾನ್ಸಿನ್‌ನ ಆಪಲ್ಟನ್ ಎಂಬ ಊರಿನಲ್ಲಿ. ಅಲ್ಲಿ ಜರ್ಮನ್ ಮೂಲದ ಲೂಥರನ್ನರು ಬೇಕಾದಷ್ಟು ಜನ. ದುಡಿಯುವ ಗಂಡಸು ಸತ್ತರೆ ಹೆಂಡತಿ ಮಕ್ಕಳಿಗೆ ಯಾರೂ ದಿಕ್ಕಿಲ್ಲ ಅನ್ನುವ ಕಾಲ. ಆಲ್ಬರ್ಟ್ ಫೋಕ್ಸ್ ಎನ್ನುವವರು ಇನ್ನೊಂದಿಬ್ಬರನ್ನು ಕಟ್ಟಿಕೊಂಡು, ನಾವೇ ಒಬ್ಬರಿಗೊಬ್ಬರು ಆಗೋಣ ಅಂತ ಹೊರಟರು. ಪರವಾನಗಿ ಬೇಕೆಂದರೆ ಮೊದಲು 500 ಜನರನ್ನು ಸೇರಿಸಬೇಕಿತ್ತು. ಮನೆಮನೆ ತಿರುಗಿ ಸೇರಿಸಿದರು. ಆಗ ಕೆಲವು ಪಾದ್ರಿಗಳೇ ವಿಮೆಯನ್ನು ವಿರೋಧಿಸುತ್ತಿದ್ದರು. ದೇವರ ಮೇಲೆ ನಂಬಿಕೆ ಇಲ್ಲದವರು ಮಾಡುವ ಕೆಲಸ ಅದು ಅನ್ನುವುದು ಅವರ ವಾದ. 1917ರಲ್ಲಿ ಮಿನ್ನೆಸೋಟಾದ ನಾರ್ವೆ ಮೂಲದ ಲೂಥರನ್ನರು ಇಂಥದ್ದೇ ಇನ್ನೊಂದು ಸಂಘ ಕಟ್ಟಿದರು. 2002ರಲ್ಲಿ ಎರಡೂ ಕೂಡಿ ಥ್ರೈವೆಂಟ್ ಆಯಿತು. 2013ರಲ್ಲಿ ಸದಸ್ಯರು ಮತ ಹಾಕಿ, ಲೂಥರನ್ನರಿಗೆ ಮಾತ್ರ ಇದ್ದ ಸದಸ್ಯತ್ವವನ್ನು ಎಲ್ಲ ಕ್ರೈಸ್ತರಿಗೂ ತೆರೆದರು.

ಇಂಥ ಸಂಘಗಳಿಗೆ ಇಲ್ಲಿನ ಕಾನೂನು ಆದಾಯ ತೆರಿಗೆ ವಿನಾಯಿತಿ ಕೊಡುತ್ತದೆ. ಆದರೆ ಬರೀ ವಿಮೆ ಮಾರಿಕೊಂಡು ಕೂತರೆ ಆಗುವುದಿಲ್ಲ. ಸದಸ್ಯರು ಊರೂರಲ್ಲಿ ಗುಂಪು ಕಟ್ಟಿಕೊಂಡು ಏನಾದರೂ ಕೆಲಸ ಮಾಡುತ್ತಿರಬೇಕು. ನಿನ್ನ ಪಕ್ಕದ ಮನೆಯವರಿಗೆ ಸಿಗುವ 250 ಡಾಲರ್ ಬರುವುದು ಆ ದಾರಿಯಿಂದ. ಅವರು 'ಆ್ಯಕ್ಷನ್ ಟೀಮ್' ಅಂತ ಕರೆಯುತ್ತಾರೆ. ಅರ್ಹತೆ ಇರುವ ಸದಸ್ಯರೊಬ್ಬರು ಮುಂಚೆಯೇ ಅರ್ಜಿ ಹಾಕುತ್ತಾರೆ. ಏನು ಕೆಲಸ, ಯಾರಿಗೆ ಉಪಯೋಗ, ಎಂದು, ಎಲ್ಲಿ, ಎಲ್ಲ ಬರೆಯಬೇಕು. ಒಪ್ಪಿಗೆ ಆದರೆ ದುಡ್ಡು ಬರುತ್ತದೆ, ಜೊತೆಗೆ ಟೀ ಶರ್ಟು, ಬ್ಯಾನರು. ವರ್ಷಕ್ಕೆ ಎರಡು ಸಲ ಹೀಗೆ ಕೇಳಬಹುದು. ಹೌದು, ಟೀ ಶರ್ಟಿನ ಮೇಲೆ ಅವರ ಹೆಸರಿರುತ್ತದೆ, ಅವರಿಗೂ ಪ್ರಚಾರ ಸಿಗುತ್ತದೆ. ಸಿಗಲಿ ಬಿಡು.

ಇದರಲ್ಲಿ ನನಗೆ ತುಂಬಾ ಇಷ್ಟವಾದ ನಿಯಮ ಒಂದಿದೆ. ಆ 250 ಡಾಲರನ್ನು ಹಾಗೇ ಎತ್ತಿ ಯಾರಿಗೂ ದಾನ ಕೊಡುವಂತಿಲ್ಲ. ಸಾಮಾನು ತರಬೇಕು, ಜನ ಸೇರಿಸಬೇಕು, ಕೆಲಸ ಮಾಡಬೇಕು. ಚೆಕ್ ಬರೆದು ಕೊಟ್ಟಿದ್ದರೆ ಅದು 250 ಆಗಿಯೇ ಮುಗಿಯುತ್ತಿತ್ತು. ಅದೇ ದುಡ್ಡಿನಲ್ಲಿ ಬಟ್ಟೆ, ಒಳಗಿನ ಹತ್ತಿ ಹಾಸು, ದಾರ ತಂದರೆ ಒಂದು ಕೋಣೆ ತುಂಬ ಹೆಂಗಸರು ಬಂದು ಕೂರುತ್ತಾರೆ. ಗಂಡ ತೀರಿಕೊಂಡ ಮೇಲೆ ಮನೆಯಿಂದ ಹೊರಗೇ ಬಾರದಿದ್ದ ಅಜ್ಜಿಯರು ಇಲ್ಲಿ ಬಂದು ಸೂಜಿ ಹಿಡಿಯುವುದನ್ನು ನಾನೇ ನೋಡಿದ್ದೇನೆ.

ಹೊದಿಕೆ ಹೇಗೆ ಮಾಡುತ್ತಾರೆ ಅಂತ ಹೇಳಿಬಿಡುತ್ತೇನೆ, ಹೋಗುವ ಮುಂಚೆ ಗೊತ್ತಿದ್ದರೆ ಧೈರ್ಯ. ಬಹಳ ಲೂಥರನ್ ಚರ್ಚುಗಳಲ್ಲಿ ಇವನ್ನು ಲೂಥರನ್ ವರ್ಲ್ಡ್ ರಿಲೀಫ್ ಎಂಬ ಸಂಸ್ಥೆಗೆ ಕಳಿಸುತ್ತಾರೆ. ಎರಡನೇ ಮಹಾಯುದ್ಧ ಮುಗಿದಾಗ, 1945ರಲ್ಲಿ, ಯುರೋಪಿನ ನಿರಾಶ್ರಿತರಿಗಾಗಿ ಹುಟ್ಟಿದ ಸಂಸ್ಥೆ ಅದು. ಅಳತೆ 60 ಇಂಚು ಅಗಲ, 80 ಇಂಚು ಉದ್ದ. ಹಳೇ ಪರದೆ, ಬೆಡ್‌ಶೀಟು, ಮಿಕ್ಕಿದ ಬಟ್ಟೆ, ಎಲ್ಲ ಚೌಕ ಚೌಕ ಕತ್ತರಿಸಿ ಮಷೀನಿನಲ್ಲಿ ಜೋಡಿಸುತ್ತಾರೆ. ಅದು ಮೇಲಿನ ಪದರ. ನಡುವೆ ಹತ್ತಿ ಹಾಸು ಅಥವಾ ಸವೆದ ಕಂಬಳಿ. ಕೆಳಗೆ ಒಂದು ಗಟ್ಟಿ ಬಟ್ಟೆ. ಮೂರನ್ನೂ ಉದ್ದ ಟೇಬಲ್ ಮೇಲೆ ಹರವಿ ಪಿನ್ ಹಾಕುತ್ತಾರೆ. ಆಮೇಲೆ ಎರಡೂ ಕಡೆ ಹೆಂಗಸರು ಕೂತು, ದಪ್ಪ ಸೂಜಿಯಲ್ಲಿ ದಾರ ಕೆಳಗೆ ಇಳಿಸಿ ಪಕ್ಕದಲ್ಲೇ ಮೇಲೆ ತಂದು, ಬಿಗಿಯಾಗಿ ಎರಡು ಗಂಟು ಹಾಕಿ, ತುದಿ ಕತ್ತರಿಸುತ್ತಾರೆ. ಹೀಗೆ ಸ್ವಲ್ಪ ಸ್ವಲ್ಪ ದೂರಕ್ಕೆ ಒಂದೊಂದು ಗಂಟು. ಮೊದಲ ಸಲ ಹೋದವರಿಗೆ ಈ ಗಂಟಿನ ಕೆಲಸವನ್ನೇ ಕೊಡುತ್ತಾರೆ.

ಧಾರವಾಡದವಳು ಅಂತ ಬರೆದಿದ್ದೀಯ. ಟೇಬಲ್ ನೋಡಿದ ಕೂಡಲೇ ನಿನಗೆ ಕೌದಿ ನೆನಪಾಗದೇ ಇರದು. ನಮ್ಮ ಅಜ್ಜಿ ಹಳೇ ಸೀರೆ ಪದರ ಹಾಸಿ ಸಾಲು ಹೊಲಿಗೆ ಹಾಕುತ್ತಿದ್ದರು, ಒಂದು ಕೌದಿ ಮುಗಿಯಲು ದಿನಗಟ್ಟಲೆ ಬೇಕು. ಇಲ್ಲಿ ಗಂಟು ಹಾಕುವುದರಿಂದ ಬೇಗ ಮುಗಿಯುತ್ತದೆ, ಅಷ್ಟೇ ವ್ಯತ್ಯಾಸ. ಒಂದು ದಿನ ಅವರಿಗೆ ನಿಮ್ಮ ಮನೆಯ ಕೌದಿ ತೋರಿಸು. ಮುಟ್ಟಿ ಮುಟ್ಟಿ ನೋಡುತ್ತಾರೆ, ಹೊಲಿಗೆ ಎಣಿಸುತ್ತಾರೆ.

ಈಗ ಅತ್ತೆಯವರ ಭಯ. ಅವರಿಗೆ ಹೀಗೆ ಹೇಳು: ಆ ಹೊದಿಕೆಗಳ ಮೇಲೆ ಶಿಲುಬೆ ಇರಬಾರದು, ಯಾವ ಧರ್ಮದ ಗುರುತೂ ಬೇಡ, ದೇಶದ ಬಾವುಟ ಬೇಡ, ಸೈನಿಕರ ಬಟ್ಟೆಯ ಡಿಸೈನೂ ಬೇಡ ಅಂತ ಆ ಸಂಸ್ಥೆಯೇ ಹೇಳುತ್ತದೆ. ಹೊದಿಕೆ ಯಾವ ಶಿಬಿರಕ್ಕೆ, ಯಾವ ಜನರ ಕೈಗೆ ಹೋಗುತ್ತದೋ, ಅದರಿಂದ ಅವರಿಗೆ ತೊಂದರೆ ಆಗಬಾರದು ಅಲ್ವಾ? ನನಗೆ ಈ ಜನರ ಮೇಲೆ ಗೌರವ ಹುಟ್ಟಿದ್ದು ಇಂಥ ಕಡೆಯೇ. ಪಡೆಯುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಕೊಡುತ್ತಾರೆ.

ಕೆಲಸದ ಮೊದಲೋ ಊಟದ ಮೊದಲೋ ಚಿಕ್ಕ ಪ್ರಾರ್ಥನೆ ಇರುತ್ತದೆ. ಸುಮ್ನೆ ತಲೆ ಬಗ್ಗಿಸಿ ನಿಂತರೆ ಸಾಕು. ನಾನು ಕುಂಕುಮ ಇಟ್ಟುಕೊಂಡೇ ಹೋಗುತ್ತೇನೆ, ಯಾರೂ ಒಂದು ಮಾತು ಅಂದಿಲ್ಲ. ನಿನಗೆ ಎಲ್ಲಾದರೂ ಒತ್ತಾಯ ಅನ್ನಿಸಿದರೆ ನಮಸ್ಕಾರ ಹೇಳಿ ಎದ್ದು ಬಾ. ಆ ಸ್ವಾತಂತ್ರ್ಯ ನಿನ್ನದು. ತಂಡದಲ್ಲಿ ಕೆಲಸ ಮಾಡಲು ಥ್ರೈವೆಂಟ್ ಸದಸ್ಯಳಾಗಬೇಕಿಲ್ಲ. ಯಾರಾದರೂ ಪಾಲಿಸಿ ಮಾತು ತೆಗೆದರೆ, ಅದನ್ನು ಮನೆಯಲ್ಲಿ ಕೂತು ಬೇರೆ ಲೆಕ್ಕವಾಗಿ ನೋಡಿ. ದಾಕ್ಷಿಣ್ಯಕ್ಕೆ ಬಿದ್ದು ಎಲ್ಲೂ ಸಹಿ ಹಾಕಬೇಡ.

ವೀಸಾ ವಿಷಯ. ಸಂಬಳವಿಲ್ಲದೆ, ಎಲ್ಲರೂ ಸ್ವಇಚ್ಛೆಯಿಂದಲೇ ಮಾಡುವ ದತ್ತಿ ಕೆಲಸಕ್ಕೆ ಎಚ್-4ನವರು ಹೋಗಬಹುದು. ಬೇರೆಯವರಿಗೆ ಸಂಬಳ ಕೊಟ್ಟು ಮಾಡಿಸುವ ಕೆಲಸವನ್ನು ನೀನು ಪುಕ್ಕಟೆ ಮಾಡಿಕೊಡುವುದು ಬೇಡ. ಚರ್ಚಿನ ಆಫೀಸಿನಲ್ಲಿ ಲೆಕ್ಕ ಬರಿ, ವೆಬ್‌ಸೈಟ್ ನೋಡಿಕೋ ಅಂದರೆ ಮೊದಲು ವಕೀಲರನ್ನು ಕೇಳು. ಗಂಟು ಹಾಕುವುದಕ್ಕೆ ಯಾರ ಅಪ್ಪಣೆಯೂ ಬೇಡ.

ಸಸ್ಯಾಹಾರಿಯಾಗಿದ್ದರೆ ಇದೊಂದು ಗಮನದಲ್ಲಿರಲಿ. ಹಾಟ್‌ಡಿಶ್ ಅಂತ ಬಿಸಿಬಿಸಿ ತಂದಿಡುತ್ತಾರೆ, ಅದರಲ್ಲಿ ಸಾಮಾನ್ಯವಾಗಿ ದನದ ಮಾಂಸ ಇರುತ್ತದೆ. ಜೆಲ್ಲೋ ಅನ್ನುವ ಬಣ್ಣದ ಸಿಹಿ ಜೆಲ್ಲಿಯಲ್ಲಿ ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಜೆಲಾಟಿನ್ ಇರುತ್ತದೆ. ಕೇಳಿ ತಿನ್ನು. ಇಲ್ಲವಾದರೆ ಒಂದು ಡಬ್ಬಿ ಚಿತ್ರಾನ್ನ ತಗೊಂಡು ಹೋಗು, ಖಾರ ಕಮ್ಮಿ ಹಾಕಿ.

ಪ್ರಶ್ನೆ: ಮೇಡಂ, ಲೂಥರನ್ ಅಂದರೆ ಯಾರು? ನಮ್ಮ ಮಂಗಳೂರಿನ ಬಾಸೆಲ್ ಮಿಷನ್‌ನವರಾ?

ಉತ್ತರ: 1517ರಲ್ಲಿ ಜರ್ಮನಿಯ ವಿಟೆನ್‌ಬರ್ಗ್‌ನಲ್ಲಿ ಮಾರ್ಟಿನ್ ಲೂಥರ್ ರೋಮಿನ ಚರ್ಚನ್ನು ಪ್ರಶ್ನಿಸಿದರಲ್ಲ, ಅವರ ಹಾದಿಯವರು. ಜರ್ಮನಿ, ನಾರ್ವೆ, ಸ್ವೀಡನ್‌ನಿಂದ ವಲಸೆ ಬಂದವರು ವಿಸ್ಕಾನ್ಸಿನ್, ಮಿನ್ನೆಸೋಟಾ ಕಡೆ ನೆಲೆಸಿದ್ದರಿಂದ ಇಲ್ಲಿ ಅವರ ಸಂಖ್ಯೆ ಜಾಸ್ತಿ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನಲ್ಲಿ ಲೂಥರನ್ನರೂ ಇದ್ದರು, ರಿಫಾರ್ಮ್ಡ್ ಪಂಗಡದವರೂ ಇದ್ದರು. ಹಂಚಿನ ಕಾರ್ಖಾನೆ, ನೇಯ್ಗೆ, ಕಿಟೆಲ್ ನಿಘಂಟು ಎಲ್ಲ ಆ ಮಿಷನ್ನಿನವು.

ಪ್ರಶ್ನೆ: ನಾನು ವಿಸ್ಕಾನ್ಸಿನ್‌ನಲ್ಲಿ ಒಂದು ಕನ್ನಡ ಕೂಟದ ಸಮಿತಿಯಲ್ಲಿದ್ದೇನೆ. ದಾನಕ್ಕೆ ದುಡ್ಡು ಎತ್ತೋಣ ಅಂದರೆ ಪ್ರತಿಸಲ ನಾಲ್ಕೇ ಜನ ದೊಡ್ಡ ಚೆಕ್ ಬರೆಯುತ್ತಾರೆ, ಉಳಿದವರು ಊಟ ಮಾಡಿ ಹೋಗುತ್ತಾರೆ. ಮಕ್ಕಳಂತೂ ಫೋನ್ ಹಿಡಿದು ಮೂಲೆಯಲ್ಲಿ. ಇಲ್ಲಿನ ಲೂಥರನ್ನರು ಇದನ್ನು ಎಷ್ಟು ಸಲೀಸಾಗಿ ಮಾಡುತ್ತಾರೆ! ಹೇಗೆ?

ಉತ್ತರ: ಅವರು ದುಡ್ಡು ಕೇಳುವ ಮುಂಚೆ ಕೆಲಸ ಹಂಚುತ್ತಾರೆ ಸಾರ್. ನವೆಂಬರ್ ಹೊತ್ತಿಗೆ ಚರ್ಚಿನಲ್ಲಿ ಲೆಫ್ಸೆ, ಅಂದರೆ ನಾರ್ವೆಯವರ ಆಲೂಗಡ್ಡೆ ರೊಟ್ಟಿ, ಮಾಡುವ ಒಂದು ಶನಿವಾರಕ್ಕೆ ಹೋಗಿ ನೋಡಿ. ಬೆಂದ ಆಲೂಗಡ್ಡೆ ಹಿಸುಕಲು ಒಬ್ಬರು, ಉಂಡೆ ಕಟ್ಟಲು ಇಬ್ಬರು. ಗೀರು ಇರುವ ಲಟ್ಟಣಿಗೆಯಲ್ಲಿ ಕಾಗದದಷ್ಟು ತೆಳ್ಳಗೆ ಒತ್ತಲು ಅನುಭವಸ್ಥರು. ಉದ್ದ ಕೋಲಿನಲ್ಲಿ ಎತ್ತಿ ಕಾವಲಿಗೆ ಹಾಕಲು ಇನ್ನೊಬ್ಬರು. ಹತ್ತು ವರ್ಷದ ಹುಡುಗನಿಗೂ ಪ್ಯಾಕೆಟ್ ಕಟ್ಟುವ ಕೆಲಸ ಇರುತ್ತದೆ. ಬೆಳಗ್ಗೆಯಿಂದ ನಿಂತು ಮಾಡಿದವನು ಸಂಜೆ ತಾನೂ ಕೊಡುತ್ತಾನೆ, ತನ್ನ ಕಡೆಯವರನ್ನೂ ಕರೆತರುತ್ತಾನೆ.

ಇನ್ನೊಂದು, ಊಟಕ್ಕೆ ರೇಟು ಹಾಕುವುದಿಲ್ಲ. ಬಾಗಿಲ ಹತ್ತಿರ ಒಂದು ಬುಟ್ಟಿ, 'ಫ್ರೀ ವಿಲ್ ಆಫರಿಂಗ್' ಅಂತ ಚೀಟಿ. ಇಷ್ಟ ಬಂದಷ್ಟು ಹಾಕಿ. ವಿದ್ಯಾರ್ಥಿ ಎರಡು ಡಾಲರ್ ಹಾಕಿದರೂ ಯಾರೂ ನೋಡುವುದಿಲ್ಲ, ಹೊಟ್ಟೆತುಂಬ ಊಟ ಮಾಡುತ್ತಾನೆ. ದುಡ್ಡು ಯಾರಿಗೆ ಅಂತ ಮುಂಚೆಯೇ ಗೋಡೆಯ ಮೇಲೆ ಬರೆದಿರುತ್ತದೆ. ನಮ್ಮ ಕಾರ್ಯಕ್ರಮಗಳಲ್ಲಿ 'ಒಳ್ಳೆ ಕೆಲಸಕ್ಕೆ ಕೊಡಿ' ಅನ್ನುತ್ತೇವೆ. ಯಾವ ಕೆಲಸ ಅಂತ ಹೇಳುವುದೇ ಇಲ್ಲ. ಅದನ್ನು ಮೊದಲು ಬಿಡಿ. ಎಣಿಸುವಾಗ ಇಬ್ಬರು ಕೂರಲಿ, ಒಬ್ಬರೇ ಬೇಡ. ಎಷ್ಟು ಬಂತು, ಎಲ್ಲಿಗೆ ಹೋಯಿತು ಅಂತ ಎಲ್ಲರಿಗೂ ಆ ವಾರವೇ ತಿಳಿಸಿ.

ರಸೀದಿ ವಿಷಯದಲ್ಲಿ ಉದಾಸೀನ ಬೇಡ. ತೆರಿಗೆ ವಿನಾಯಿತಿ ಬೇಕೆಂದರೆ ನೋಂದಾಯಿತ ದತ್ತಿ ಸಂಸ್ಥೆಗೇ ದುಡ್ಡು ಹೋಗಿರಬೇಕು. 250 ಡಾಲರ್ ಅಥವಾ ಹೆಚ್ಚು ಕೊಟ್ಟವರ ಹತ್ತಿರ ಸಂಸ್ಥೆಯ ಲಿಖಿತ ಪತ್ರ ಇರಬೇಕು. 100 ಡಾಲರ್ ಕೊಟ್ಟು 25 ಡಾಲರಿನ ಊಟ ಮಾಡಿದರೆ ದಾನದ ಲೆಕ್ಕಕ್ಕೆ ಬರುವುದು 75 ಮಾತ್ರ. ನೀವು ಕೊಟ್ಟ ಸಮಯಕ್ಕೆ ವಿನಾಯಿತಿ ಇಲ್ಲ. ಸೇವೆಗೆಂದು ಕಾರು ಓಡಿಸಿದ್ದಕ್ಕೆ ಮೈಲಿಗೆ 14 ಸೆಂಟ್ ಲೆಕ್ಕ ಹಾಕಬಹುದು.

ಮಕ್ಕಳ ಬಗ್ಗೆ ಕೇಳಿದ್ದೀರಿ. ಮಿನ್ನೆಸೋಟಾದಲ್ಲಿ 1987ರಲ್ಲಿ ಶುರುವಾದ 'ಫೀಡ್ ಮೈ ಸ್ಟಾರ್ವಿಂಗ್ ಚಿಲ್ಡ್ರನ್' ಅನ್ನುವ ಕ್ರೈಸ್ತ ಸಂಸ್ಥೆ ಇದೆ. ಲೂಥರನ್ನರದೇ ಅಂತಲ್ಲ, ಎಲ್ಲ ಚರ್ಚಿನವರೂ ಶಾಲೆಯವರೂ ಹೋಗುತ್ತಾರೆ. ತಲೆಗೆ ಬಲೆಟೋಪಿ ಹಾಕಿಕೊಂಡು, ವಿಟಮಿನ್ ಪುಡಿ, ಒಣ ತರಕಾರಿ, ಸೋಯಾ, ಅಕ್ಕಿ, ಹೀಗೆ ಒಂದೊಂದು ಸೌಟು ಚೀಲಕ್ಕೆ ಹಾಕಿ, ತೂಕ ನೋಡಿ, ಬಾಯಿ ಬೆಸೆದು, ಡಬ್ಬಕ್ಕೆ ತುಂಬಬೇಕು. ಒಂದು ಚೀಲದಲ್ಲಿ ಆರು ಊಟ. ಒಂದು ಡಬ್ಬಕ್ಕೆ 36 ಚೀಲ, ಅಂದರೆ 216 ಊಟ. ಪದಾರ್ಥ ಸಸ್ಯಾಹಾರಿ, ಹಾಗಾಗಿ ನಮ್ಮವರಿಗೆ ಮುಟ್ಟಲು ಅಳುಕಿಲ್ಲ. ಡಬ್ಬ ತುಂಬಿದಾಗಲೆಲ್ಲ ಮೇಜಿನವರು ಕೂಗು ಹಾಕುತ್ತಾರೆ. ನಿಮ್ಮ ಮಕ್ಕಳ ಫೋನು ಜೇಬಿನಲ್ಲೇ ಇರುತ್ತದೆ, ಕೈ ಬಿಡುವಿರುವುದಿಲ್ಲ. ಕೊನೆಗೆ ಡಬ್ಬಗಳ ಸುತ್ತ ನಿಂತು ಪ್ರಾರ್ಥನೆ ಮಾಡುತ್ತಾರೆ. ತಂದೆತಾಯಂದಿರಿಗೆ ಅದನ್ನು ಮೊದಲೇ ತಿಳಿಸಿರಿ.

ಪ್ರಶ್ನೆ: ಅಕ್ಕ, ನನ್ನ ಸಹೋದ್ಯೋಗಿ ಥ್ರೈವೆಂಟ್ ಸದಸ್ಯ. 'ನಾವು ಒಂದು ತಂಡ ಮಾಡಿ ನಿನ್ನ ಊರಿನ ಶಾಲೆಗೆ ದುಡ್ಡು ಎತ್ತೋಣ' ಅಂತಾನೆ. ನಮ್ಮದು ಹಾವೇರಿ ಹತ್ತಿರದ ಹಳ್ಳಿ. ಬಂದ ದುಡ್ಡನ್ನು ನಮ್ಮ ಅಣ್ಣನ ಅಕೌಂಟಿಗೆ ಹಾಕಿ ಶಾಲೆಗೆ ಕೊಡಿಸಬಹುದಾ?

ಉತ್ತರ: ಬೇಡಪ್ಪ. ಅಣ್ಣನನ್ನು ತೊಂದರೆಗೆ ಸಿಕ್ಕಿಸಬೇಡ. ಅಮೆರಿಕನ್ನರಿಂದ ಎತ್ತಿದ ದುಡ್ಡು ಭಾರತದ ಕಾನೂನಿನ ಪ್ರಕಾರ ವಿದೇಶಿ ದೇಣಿಗೆ. ಅದನ್ನು ಪಡೆಯುವ ಸಂಸ್ಥೆಗೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ಕಾಯ್ದೆಯ, ನೋಂದಣಿ ಇರಲೇಬೇಕು. 2020ರ ತಿದ್ದುಪಡಿ ಆದಮೇಲೆ ದುಡ್ಡು ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿರುವ ಆ ಸಂಸ್ಥೆಯ ಖಾತೆಗೇ ಬರಬೇಕು. ಒಂದು ಸಂಸ್ಥೆ ಪಡೆದು ಇನ್ನೊಂದಕ್ಕೆ ದಾಟಿಸುವುದನ್ನೂ ಆ ತಿದ್ದುಪಡಿ ನಿಲ್ಲಿಸಿದೆ. ನೀನು ಇನ್ನೂ ಭಾರತದ ಪೌರನಾಗಿದ್ದು, ನಿನ್ನ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಅಮೆರಿಕದ ಪಾಸ್‌ಪೋರ್ಟ್ ತಗೊಂಡಿದ್ದರೆ, ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆಯೇ ಆಗುತ್ತದೆ.

ನಿನ್ನ ಗೆಳೆಯನ ಒಳ್ಳೆಯ ಮನಸ್ಸನ್ನು ವ್ಯರ್ಥ ಮಾಡಬೇಡ. ಎರಡು ದಾರಿ ಇವೆ. ಹಾವೇರಿ ಕಡೆ ಶಾಲೆಗಳಲ್ಲಿ ಕೆಲಸ ಮಾಡುವ, ಎಫ್‌ಸಿಆರ್‌ಎ ಇರುವ ಸಂಸ್ಥೆ ಹುಡುಕು. ಅಮೆರಿಕದಲ್ಲೂ ಅದಕ್ಕೆ ಜೋಡಿ ದತ್ತಿ ಸಂಸ್ಥೆ ಇದ್ದರೆ ಇನ್ನೂ ಸಲೀಸು, ಕೊಟ್ಟವರಿಗೆ ರಸೀದಿಯೂ ಸಿಗುತ್ತದೆ. ಇಲ್ಲವಾದರೆ ತಂಡ ಎತ್ತಿದ ದುಡ್ಡು ಇಲ್ಲಿಯ ನಿಮ್ಮೂರಿನಲ್ಲಿ ಕಷ್ಟದಲ್ಲಿರುವವರಿಗೆ ಪುಕ್ಕಟೆ ದಿನಸಿ ಕೊಡುವ ಫುಡ್ ಶೆಲ್ಫಿಗೆ ಹೋಗಲಿ, ಹಳ್ಳಿಯ ಶಾಲೆಗೆ ನೀನು ನಿನ್ನ ಸಂಬಳದಿಂದ ಕೊಡು. ಕೊಡುವ ಮುಂಚೆ ಹೆಡ್ ಮಾಸ್ತರಿಗೆ ಒಂದು ಫೋನ್ ಮಾಡಿ ಏನು ಬೇಕು ಅಂತ ಕೇಳು. ಕಂಪ್ಯೂಟರ್ ಅಂತ ನೀನು ಅಂದುಕೊಂಡಿರುತ್ತೀಯ, ಅವರಿಗೆ ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರಿನ ಟ್ಯಾಂಕ್ ಬೇಕಾಗಿರಬಹುದು.